ಗಂಟು ಕಟ್ಟದ ಪುಡಿ

ಸೊಪ್ಪಕ್ಕ ಅಂದರೆ ಆ ಬೀದಿಗೆಲ್ಲ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೇನೋ ಇತ್ತು, ಅದನ್ನು ಅವಳೇ ಮರೆತಿದ್ದಳೋ ಏನೋ. ಬೆಳಕು ಹರಿಯೋ ಹೊತ್ತಿಗೆ ಅವಳ ಮಿಕ್ಸಿ ಗರ್ ಅಂತ ಶುರುವಾಗುತ್ತಿತ್ತು. ಎದುರುಮನೆಯವರು ಶಾಪ ಹಾಕುತ್ತಲೇ ಎದ್ದು, ಮುಖ ತೊಳೆದು, ಬಂದು ಅವಳ ಅಂಗಡಿ ಮುಂದೆಯೇ ನಿಲ್ಲುತ್ತಿದ್ದರು. ಪಾಲಕ್, ಪುದೀನ, ಸೌತೆಕಾಯಿ, ಒಂದು ಹಸಿರು ಸೇಬು, ಮೇಲಿಂದ ನಿಂಬೆ ಹಿಂಡಿ ಉದ್ದ ಲೋಟಕ್ಕೆ ಸುರಿದರೆ ನೊರೆ ಅಂಚಿಗೆ ಬಂದು ನಿಲ್ಲಬೇಕು. ಪೇಟೆಯವರು ಅದನ್ನು ಸ್ಮೂಥಿ ಅಂತಾರೆ, ಅವಳು ರಸ ಅನ್ನುತ್ತಿದ್ದಳು. ಏನಂದರೂ ಕುಡಿದವರು ಮೂಗು ಮುರಿದದ್ದಿಲ್ಲ, ತಂಗಿ ಒಬ್ಬಳು ಮಾತ್ರ ಬಾಯಿಗೇ ಇಡುತ್ತಿರಲಿಲ್ಲ.

ಅಂಗಡಿಯ ಮೇಲಿನ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಅಲ್ಲಿ ಒಲೆಯೇ ಇರಲಿಲ್ಲ. ಬೆಂಕಿ ತಾಗಿದ ಮೇಲೆ ಜೀವ ಎಲ್ಲಿರುತ್ತೆ ಅಂತ ಅವರಮ್ಮ ಕೇಳುತ್ತಿದ್ದಳು. ಹಸಿ ತರಕಾರಿ, ಹಣ್ಣು, ನೆನೆಸಿದ ಕಾಳು ತಿನ್ನಿಸಿಯೇ ಇಬ್ಬರನ್ನೂ ಬೆಳೆಸಿದಳು. ಅಮ್ಮ ಹೋದ ಮೇಲೂ ಇಬ್ಬರೂ ಆ ವ್ರತ ಬಿಡಲಿಲ್ಲ. ಆದರೆ ತಂಗಿ ಪುಡಿಗೆ ಬಿದ್ದಳು. ಊರಾಚೆ, ಬಸ್ ಡಿಪೋ ದಾಟಿದರೆ, ಸೊಪ್ಪು ಒಣಗಿಸಿ ಪುಡಿ ಮಾಡೋ ಕಾರ್ಖಾನೆ. ಅಲ್ಲಿ ಕೆಲಸಕ್ಕೆ ಸೇರಿದವಳು ದಿನಾ ಒಂದು ಡಬ್ಬಿ ತರೋಕೆ ಶುರುಮಾಡಿದಳು. ಅದಕ್ಕೂ ಬೆಂಕಿ ತೋರಿಸಲ್ಲವಂತೆ, ಬರೀ ಒಣಗಾಳಿಯಂತೆ. ಹಾಗಾಗಿ ಅಮ್ಮನ ಮಾತಿಗೂ ಭಂಗ ಬರಲಿಲ್ಲ ಅಂತ ಅವಳ ವಾದ.

"ಒಂದು ಚಮಚ, ಒಂದು ಲೋಟ ನೀರು. ಮುಗೀತು. ತೊಳಿಯೋದಿಲ್ಲ, ಹುಳ ಹುಡುಕೋದಿಲ್ಲ, ಬೆಳಬೆಳಗ್ಗೆ ಬೀದಿ ಎಬ್ಬಿಸೋದಿಲ್ಲ" ಅಂದಳು ತಂಗಿ.

"ಸೊಪ್ಪಿನ ಹೆಣ ಅದು! ಹೆಣಾನ ಕುಟ್ಟಿ ಡಬ್ಬೀಗೆ ತುಂಬಿದ್ರೆ ಊಟ ಆಗುತ್ತಾ?"

"ನೀನು ಜೀವ ಇರೋದನ್ನ ಮಿಕ್ಸೀಲಿ ಹಾಕಿ ತಿರುಗಿಸ್ತೀಯಲ್ಲ, ಅದು ಪುಣ್ಯದ ಕೆಲಸಾನಾ?"

ಸೊಪ್ಪಕ್ಕ ಲೋಟ ಇನ್ನಷ್ಟು ಜೋರಾಗಿ ತೊಳೆದಳು. ನಿಜ ಹೇಳಬೇಕೆಂದರೆ ಅವಳಿಗೆ ವಾದದಲ್ಲಿ ಗೆಲ್ಲೋದು ಬೇಕಿರಲಿಲ್ಲ. ಊರಿಗೆಲ್ಲ ಕುಡಿಸೋ ಕೈಯಿಂದ ತಂಗಿ ಒಂದು ಲೋಟ ಕುಡೀಬೇಕು, ಅಷ್ಟೇ ಅವಳ ಆಸೆ. ಚೋಟು ಅಂತ ಕರೆದು ಎತ್ತಿ ಆಡಿಸಿದ ಮಗು ಅದು. ಗಿಡ್ಡಗಿದ್ದಾಳೆ ಅಂತ ಅಮ್ಮ ಇಟ್ಟ ಅಡ್ಡಹೆಸರು, ಅಮ್ಮ ಹೋದ ಮೇಲೆ ಹಾಗೆ ಕರೆಯೋಕೆ ಅಕ್ಕ ಒಬ್ಬಳೇ ಉಳಿದಿದ್ದಳು.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ಟವೆಲ್. ತಂಗಿ ಸ್ನಾನ ಮುಗಿಸಿ ಬಂದ ಮೇಲೆ ಹಗ್ಗದ ಮೇಲೆ ಹಾಕಿದ ಟವೆಲ್ ಮುಟ್ಟಿದರೆ ಗರಿಗರಿ. ಒಂದು ಹನಿ ಪಸೆ ಇಲ್ಲ. ಮೈ ಒರೆಸಿಕೊಳ್ಳದೆ ಬಂದಳಾ ಅಂದುಕೊಂಡರೆ ಮೈಯೂ ಒಣ, ಕೂದಲೂ ಒಣ. ಆಮೇಲೆ ಸೊಪ್ಪು. ತಂಗಿ ಕೆಲಸಕ್ಕೆ ಹೊರಡೋ ಮುಂಚೆ ಅಂಗಡಿ ಬೆಂಚಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಅವಳು ಎದ್ದು ಹೋದ ಮೇಲೆ ನೋಡಿದರೆ ಬೆಂಚಿನ ಕಡೆಗಿದ್ದ ಕಂತೆಗಳೆಲ್ಲ ತಲೆ ಬಾಗಿಸಿರುತ್ತಿದ್ದವು. ಆಗತಾನೇ ನೀರು ಚಿಮುಕಿಸಿದ ಪುದೀನ! ಕೈಯಲ್ಲಿ ಹಿಡಿದರೆ ಪುಡಿಪುಡಿ. ಸೊಪ್ಪು ತಂದುಕೊಡೋ ಗಾಡಿಯವನಿಗೆ ಸೊಪ್ಪಕ್ಕ ಬಾಯಿಗೆ ಬಂದಂತೆ ಬೈದಳು. ಪಾಪ, ಅವನದೇನೂ ತಪ್ಪಿರಲಿಲ್ಲ.

"ಚೋಟು, ನಿನ್ನ ಮೈಗೇನೋ ಆಗಿದೆ ಕಣೇ. ಡಾಕ್ಟರ ಹತ್ತಿರ ಹೋಗೋಣ."

"ಏನೂ ಆಗಿಲ್ಲ. ಹಗುರ ಆಗಿದೀನಿ ಅಷ್ಟೆ" ಅಂದಳು ತಂಗಿ. ಅವಳ ದನಿ ಕಾಗದ ಮಡಚಿದ ಹಾಗಿತ್ತು. ಮುಖ ಮಾತ್ರ ನುಣುಪು, ಒಂದು ಬಿರುಕಿಲ್ಲ, ಒಂದು ಸುಕ್ಕಿಲ್ಲ. ಪಕ್ಕದ ಮೇಜಿನ ಮೇಲೆ ಅಕ್ಕ ಇಟ್ಟಿದ್ದ ನೀರಿನ ಲೋಟ ಇಬ್ಬರೂ ಮುಟ್ಟದೆಯೇ ಅರ್ಧಕ್ಕೆ ಇಳಿದಿತ್ತು.

ಕಾರ್ಖಾನೆಯ ವಿಷಯ ಅವಳು ಹೆಚ್ಚು ಹೇಳುತ್ತಿರಲಿಲ್ಲ. ಹೇಳಿದ್ದಿಷ್ಟು. ಪುಡಿಗೆ ತೇವ ಅಂದರೆ ಆಗಲ್ಲ. ಒಂದು ಹನಿ ತಾಗಿದರೂ ಗಂಟು ಕಟ್ಟುತ್ತೆ, ಇಡೀ ರಾಶಿ ಹಾಳು. ಅದಕ್ಕೇ ಒಳಗೆ ನೀರಿನ ಬಾಟಲಿ ಒಯ್ಯೋ ಹಾಗಿಲ್ಲ. ತಲೆಗೆ ಸ್ನಾನ ಮಾಡಿದ ದಿನ ಹೋಗೋ ಹಾಗಿಲ್ಲ. ಬೆವರೋ ಹಾಗಿಲ್ಲ. ಅಳು ಬಂದರೆ ಹೊರಗಿನ ವರಾಂಡದಲ್ಲಿ ನಿಂತು ಅತ್ತು ಮುಗಿಸಿ, ಮುಖ ಒಣಗಿದ ಮೇಲೆ ಬರಬೇಕು.

"ಅಳೋರು ಇದಾರಾ ಅಲ್ಲಿ?" ಅಂತ ಅಕ್ಕ ಕೇಳಿದಳು.

"ಹೊಸಬರು ಅಳ್ತಾರೆ. ಆಮೇಲೆ ಅಳು ಬರಲ್ಲ" ಅಂದಳು ತಂಗಿ, ಸಮಾಧಾನವಾಗಿ.

ಸುಮ್ಮನೆ ಕೂರೋ ಹೆಂಗಸಲ್ಲ ಸೊಪ್ಪಕ್ಕ. ಆದರೆ ಮಾಡಿದ್ದೇನು ನೋಡಿ. ಡಾಕ್ಟರನ್ನು ಕರೆತರಲಿಲ್ಲ, ಕೆಲಸ ಬಿಡಿಸಲಿಲ್ಲ. ಹಸಿ ಸೊಪ್ಪನ್ನೇ ನಂಬಿದವಳಿಗೆ ಹೊಳೆಯೋದು ಹಸಿ ಸೊಪ್ಪೇ ತಾನೇ! ಒಂದು ಬೆಳಿಗ್ಗೆ ತಂಗಿ ಕಾರ್ಖಾನೆಗೆ ಹಾಕಿಕೊಂಡು ಹೋಗೋ ಬಿಳಿ ಏಪ್ರನ್ನಿನ ಜೇಬಿಗೆ ಪುದೀನದ ಎಳೆ ಕುಡಿಗಳನ್ನು, ಆಗತಾನೇ ತೊಳೆದದ್ದನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿ ತುರುಕಿದಳು. ಮಧ್ಯಾಹ್ನ ಜೇಬಿಗೆ ಕೈ ಹಾಕಿದಾಗ ಘಮ ಅನ್ನಲಿ, ಬಾಯಲ್ಲಿ ನೀರೂರಲಿ, ಮನಸ್ಸು ತಿರುಗಲಿ ಅಂತ. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ.

ಸಂಜೆ ತಂಗಿ ಬಂದು ಬೆಂಚಿನ ಮೇಲೆ ಕೂತಳು. ಸಿಟ್ಟೂ ಇಲ್ಲ, ಸಂಕಟವೂ ಇಲ್ಲ.

"ಇಡೀ ರಾಶಿ ಗಂಟು ಕಟ್ತು. ನನ್ನ ಜೇಬಿಂದ ಅಂತ ಗೊತ್ತಾಯ್ತು" ಅಂದಳು.

"ಕೆಲಸದಿಂದ ತೆಗೆದರಾ?" ಅಕ್ಕನ ದನಿಯಲ್ಲಿ ಆಸೆ ಇಣುಕಿತು, ಮುಚ್ಚಿಟ್ಟುಕೊಳ್ಳೋಕೆ ಆಗಲಿಲ್ಲ.

"ಇಲ್ಲ. ನಾಳೆಯಿಂದ ಜರಡಿ ಕೋಣೆಗೆ ಹಾಕಿದಾರೆ. ಅದು ಇನ್ನೂ ಒಳಗೆ. ಎಲ್ಲಕ್ಕಿಂತ ಒಣಗಿರೋ ಕೋಣೆ. ಅಲ್ಲಿ ಎಲ್ಲರನ್ನೂ ಹಾಕಲ್ಲ ಅಕ್ಕಾ."

ಅಕ್ಕ ಅವಳ ಕೈ ಹಿಡಿದುಕೊಂಡಳು. ಬಿಟ್ಟಾಗ ತನ್ನ ಅಂಗೈ ನೋಡಿಕೊಂಡರೆ ತಿಳಿಹಸಿರು ಧೂಳು ಹತ್ತಿತ್ತು. ಕಾರ್ಖಾನೆಯ ಧೂಳು ಅಂದುಕೊಂಡು ನಲ್ಲಿಯಲ್ಲಿ ತೊಳೆದುಕೊಂಡಳು. ತೊಳೆದುಬಿಟ್ಟದ್ದೇನು ಅಂತ ಅವಳಿಗೆ ತಿಳಿದದ್ದು ಆಮೇಲೆ.

ಜರಡಿ ಕೋಣೆಗೆ ಹೋಗೋಕೆ ಶುರುಮಾಡಿದ ಮೇಲೆ ತಂಗಿ ಮೆಟ್ಟಿಲು ಇಳಿದರೆ ಸದ್ದಾಗುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದರೆ ತಗ್ಗು ಬೀಳುತ್ತಿರಲಿಲ್ಲ. ಒಂದು ದಿನ ಅಂಗಡಿಯ ಫ್ಯಾನ್ ಹಾಕಿದಾಗ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಹಾರಿ ಹೋಗೋ ಬಟ್ಟೆ ಹಿಡಿದ ಹಾಗೆ ತನ್ನನ್ನೇ ಹಿಡಿದುಕೊಂಡು. ಅಕ್ಕ ಓಡಿ ಹೋಗಿ ಫ್ಯಾನ್ ಆರಿಸಿದಳು. ಲೋಟ ತಂದು ಕಾಲು ಹಿಡಿಯೋದೊಂದು ಬಾಕಿ. "ಒಂದೇ ಗುಟುಕು ಕಣೇ, ನಿನ್ನ ದಮ್ಮಯ್ಯ ಅಂತೀನಿ!"

"ನಾಳೆ ಕುಡೀತೀನಿ" ಅಂದಳು ತಂಗಿ. ಹಾಗೆ ಅವಳು ಅಂದದ್ದು ಅದೇ ಮೊದಲು. ಸೊಪ್ಪಕ್ಕ ಆ ದಿನವೆಲ್ಲ ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡಿದಳು.

ಮರುದಿನ ತಂಗಿ ಕೆಲಸಕ್ಕೆ ಹೋದವಳು ವಾಪಸ್ಸು ಬರಲಿಲ್ಲ.

ಅಕ್ಕ ಮಾರನೇ ಬೆಳಿಗ್ಗೆ ಅಂಗಡಿ ತೆರೆಯದೆ ಕಾರ್ಖಾನೆಗೆ ಹೋದಳು. ಮೇಲ್ವಿಚಾರಕಿ ಮೆತ್ತಗೆ ಮಾತಾಡೋ ಹೆಂಗಸು. ಕುರ್ಚಿ ಹಾಕಿಸಿದಳು, ನೀರು ಬೇಕಾ ಅಂತ ಮಾತ್ರ ಕೇಳಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ತಂಗಿಯ ಶೂ ಇತ್ತು, ಚೀಲ ಇತ್ತು.

"ನಿನ್ನೆ ಒಳಗೆ ಹೋದರು" ಅಂದಳು ಮೇಲ್ವಿಚಾರಕಿ.

"ಹೊರಗೆ ಯಾವಾಗ ಬಂದಳು?"

"ಬಂದಿಲ್ಲ."

"ಹಾಗಾದ್ರೆ ಒಳಗೇ ಇರಬೇಕಲ್ಲ! ಬಾಗಿಲು ತೆಗೀರಿ!"

ಆ ಹೆಂಗಸು ತಡೆಯಲಿಲ್ಲ. ಜರಡಿ ಕೋಣೆಯ ಗಾಜಿನ ತನಕ ಕರೆದುಕೊಂಡು ಹೋದಳು. ಒಳಗೆ ಒಂದು ಜರಡಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ಬಿಳಿ ಏಪ್ರನ್ನು, ಟೋಪಿ, ಮಾಸ್ಕು. ಕಳಚಿ ಮಡಚಿಟ್ಟ ಹಾಗಿರಲಿಲ್ಲ. ಕೂತಿದ್ದವರು ಇಲ್ಲವಾದರೆ ಬಟ್ಟೆ ಹೇಗೆ ಕುಸಿಯುತ್ತೋ ಹಾಗಿತ್ತು. ಕೆಲಸದವರು ಗೋಡೆ ಬದಿಯಲ್ಲಿ ಸದ್ದಿಲ್ಲದೆ ಓಡಾಡುತ್ತಿದ್ದರು, ಎಲ್ಲರ ಮುಖವೂ ನುಣುಪು. ಒಬ್ಬರ ಕಣ್ಣೂ ಹೊಳೆಯುತ್ತಿರಲಿಲ್ಲ.

"ನಿನ್ನೆಯ ಪುಡಿ ಬಹಳ ಚೆನ್ನಾಗಿ ಬಂತು. ಒಂದೂ ಗಂಟಿರಲಿಲ್ಲ. ಆಗಲೇ ಡಬ್ಬಿ ತುಂಬಿ ಅಂಗಡಿಗಳಿಗೆ ಕಳಿಸಿಯೂ ಆಯ್ತು" ಅಂದಳು ಮೇಲ್ವಿಚಾರಕಿ. ಸಂತಾಪ ಹೇಳೋ ದನಿಯಲ್ಲಿ ಹೇಳಿದಳು.

ಸೊಪ್ಪಕ್ಕ ಕೂಗಾಡಿದಳು, ಗಾಜಿಗೆ ಗುದ್ದಿದಳು, ಅತ್ತಳು. ಅತ್ತ ಕೂಡಲೇ ಇಬ್ಬರು ಬಂದು ಮರ್ಯಾದೆಯಿಂದಲೇ ತೋಳು ಹಿಡಿದು ವರಾಂಡಕ್ಕೆ ಬಿಟ್ಟರು. ಪೊಲೀಸಿನವರು ಬಂದು ನೋಡಿದರು. ವಯಸ್ಸಿಗೆ ಬಂದ ಹೆಂಗಸು, ಮನಸ್ಸು ಬಂದ ಕಡೆ ಹೋಗಿರಬಹುದು ಅಂದರು. ಬರಿಗಾಲಲ್ಲಾ ಅಂತ ಸೊಪ್ಪಕ್ಕ ಕೇಳಿದ್ದಕ್ಕೆ ಪುಸ್ತಕ ಮುಚ್ಚಿ ಜೀಪು ಹತ್ತಿದರು.

ಕೆಲವು ದಿನ ಅಂಗಡಿ ಮುಚ್ಚಿಯೇ ಇತ್ತು. ಆಮೇಲೆ ಕೈಗೆ ಕೆಲಸ ಇಲ್ಲದಿದ್ದರೆ ತಲೆ ಕೆಡುತ್ತೆ ಅಂತ ತೆರೆದಳು. ಮೊದಲು ಬಂದದ್ದು ಮೂಲೆಮನೆಯ ಟೈಲರಮ್ಮ. ದಪ್ಪ ಶರೀರ, ಗಟ್ಟಿ ಗಂಟಲು, ಡಬ್ಬಿಯ ಪುಡಿ ಕಲಸಿ ಕುಡಿಯೋ ಪಕ್ಷದವಳು, ಈ ಅಂಗಡಿಯ ರಸ ಎಂದೂ ಕುಡಿದವಳಲ್ಲ. ಬಂದು ಕಟ್ಟೆಗೆ ಮೊಣಕೈ ಊರಿ, ತುಟಿ ಸವರಿಕೊಂಡಳು.

"ಏ ಅಕ್ಕಾ" ಅಂದಳು. "ಬಾಯಾರಿಕೆ ಕಣೇ. ಒಂದು ಲೋಟ ಕೊಡೇ."

ಸೊಪ್ಪಕ್ಕನ ಕೈಯಲ್ಲಿದ್ದ ಸೌತೆಕಾಯಿ ನೆಲಕ್ಕೆ ಬಿತ್ತು. ದನಿ ಟೈಲರಮ್ಮನದೇ, ಆದರೆ ಆ 'ಅಕ್ಕಾ' ಅನ್ನೋದನ್ನು ಹಾಗೆ ಕೊನೆಯಲ್ಲಿ ಎಳೆಯೋದು ಈ ಲೋಕದಲ್ಲಿ ಒಬ್ಬಳೇ.

"ಯಾರು... ಯಾರು ನೀನು?"

"ಏನೇ ಹೀಗೆ ಕೇಳ್ತೀಯ? ಚೋಟು ಕಣೇ ನಾನು. ನಾಳೆ ಕುಡೀತೀನಿ ಅಂದಿದ್ದೆನಲ್ಲ."

ಭಯ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಭಯಕ್ಕಿಂತ ಖುಷಿ ದೊಡ್ಡದಾಗಿತ್ತು. ಅವಸರದಲ್ಲಿ ಮಿಕ್ಸಿ ತಿರುಗಿಸಿದಳು, ನೊರೆ ಅಂಚು ದಾಟಿ ಚೆಲ್ಲಿತು, ಅದನ್ನು ಲೆಕ್ಕಿಸದೆ ಲೋಟ ಕೊಟ್ಟಳು. ಟೈಲರಮ್ಮ ಗಟಗಟ ಕುಡಿದಳು. ಕುಡಿಯುತ್ತಾ ಕಣ್ಣು ಮುಚ್ಚಿದಳು, ಮುಖದಲ್ಲಿ ತಂಪು ಇಳಿಯಿತು, ಕೆನ್ನೆಗೆ ಬಣ್ಣ ಬಂತು. ಕಣ್ಣು ತೆರೆದಾಗ ಸೊಪ್ಪಕ್ಕನನ್ನು ನೋಡಿ ಬೆಚ್ಚಿದಳು.

"ಅಯ್ಯೋ, ನಾನ್ಯಾಕೆ ಇಲ್ಲಿಗೆ ಬಂದೆ? ಬಟ್ಟೆ ಕತ್ತರಿಸ್ತಾ ಇದ್ದೆನಲ್ಲ" ಅಂದಳು, ತನ್ನದೇ ಗಟ್ಟಿ ಗಂಟಲಲ್ಲಿ. ಚೋಟು ಅಂತ ಸೊಪ್ಪಕ್ಕ ಕರೆದಳು, ಬೇಡಿಕೊಂಡಳು, ಭುಜ ಹಿಡಿದು ಅಲುಗಾಡಿಸಿದಳು. ತಂಗಿ ಕಾಣೆಯಾಗಿ ಪಾಪ ತಲೆ ಕೆಟ್ಟಿದೆ ಅಂದುಕೊಂಡು ಟೈಲರಮ್ಮ ಕಾಲು ಕಿತ್ತಳು.

ಆಟೋದವನು ಬಂದ. "ಅಕ್ಕಾ" ಅಂದ. ಕುಡಿದ, ಎದ್ದು ಹೋದ. ಸ್ಕೂಲಿನ ಹೆಡ್ಮಿಸ್ಸು ಬಂದರು, ಕುಡಿದರು, ತಾವೇ ನಾಚಿಕೊಂಡು ಹೋದರು. ಅಷ್ಟು ಹೊತ್ತಿಗೆ ಸೊಪ್ಪಕ್ಕನಿಗೆ ತಿಳಿದಿತ್ತು. ಚಮಚದಲ್ಲಿ ಇವರೊಳಗೆ ಹೋದ ತಂಗಿ, ಅಕ್ಕನ ಕೈಯ ರಸ ಬಿದ್ದ ಕೂಡಲೇ ಕರಗಿ ಹೋಗುತ್ತಾಳೆ. ಯಾವ ಲೋಟ ಕುಡಿಸೋಕೆ ಅಕ್ಕ ಇಷ್ಟು ಕಾಲ ಹಂಬಲಿಸಿದಳೋ ಅದೇ ಲೋಟ ತಂಗಿಯನ್ನು ತೊಳೆದು ಕಳಿಸುತ್ತಿದೆ. ಅಂಗಡಿಗಳಲ್ಲಿ ಆ ದಿನದ ಡಬ್ಬಿ ಹುಡುಕಿದಳು, ಒಂದೂ ಉಳಿದಿರಲಿಲ್ಲ. ಬೇರೆ ಊರುಗಳಿಗೂ ಹೋಗಿದೆ ಅಂದರು. ಯಾವ ಊರಲ್ಲಿ ಯಾರು ಯಾರ ಅಂಗಡಿ ಮುಂದೆ ನಿಂತು ಅಕ್ಕಾ ಅಂತ ಕರೆಯುತ್ತಿದ್ದಾರೋ, ಓಗೊಡೋರು ಯಾರೂ ಇಲ್ಲದೆ.

ಕೊನೆಗೆ ಬಂದವರು ಬ್ಯಾಂಕಿನ ಕ್ಯಾಶಿಯರ್. ಬೋಳು ತಲೆ, ಇಸ್ತ್ರಿ ಅಂಗಿ, ಯಾರ ಜೊತೆಯೂ ಎರಡು ಮಾತಿಗಿಂತ ಹೆಚ್ಚಾಡದ ಮನುಷ್ಯ. ಬೆಂಚಿನ ಮೇಲೆ ಕಾಲು ಮಡಚಿ ಕೂತು, "ಅಕ್ಕಾ, ಒಂದು ಲೋಟ" ಅಂದರು.

"ಇರು, ಮಾಡ್ತೀನಿ" ಅಂದಳು ಸೊಪ್ಪಕ್ಕ. ಮಾಡಲಿಲ್ಲ. ಸೊಪ್ಪು ಬಿಡಿಸುವವಳ ಹಾಗೆ ನಟಿಸುತ್ತಾ ಮಾತಿಗೆಳೆದಳು.

ಅಬ್ಬಾ, ಎಷ್ಟು ಮಾತು! ತಂಗಿ ಬದುಕಿದ್ದಾಗ ಆಡದೆ ಹೋದದ್ದೆಲ್ಲ ಆ ಬೋಳುತಲೆಯ ಬಾಯಲ್ಲಿ ಬಂತು. ಚಿಕ್ಕಂದಿನಲ್ಲಿ ಅಮ್ಮ ಕೊಡುತ್ತಿದ್ದ ಕಹಿ ರಸ ಕುಡಿಯದೆ ತಂಗಿ ಹಟ ಹಿಡಿದಾಗ ಅಕ್ಕನೇ ಮೂಗು ಹಿಡಿದು ಸುರಿದದ್ದು, ಉಸಿರು ಕಟ್ಟಿ ಕಣ್ಣು ಕತ್ತಲೆ ಬಂದದ್ದು. "ಅದಕ್ಕೇ ಕಣೇ ನಿನ್ನ ಕೈಯಲ್ಲಿ ಲೋಟ ನೋಡಿದ್ರೆ ನಂಗೆ ಭಯ. ಪುಡಿಗೆ ಕೈ ಇರ್ಲಿಲ್ಲ ನೋಡು." ಸೊಪ್ಪಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು. ಎಂದೂ ಇದನ್ನು ಅವಳು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

ಕ್ಯಾಶಿಯರ್ ದಿನಾ ಬಂದರು. ಬ್ಯಾಂಕು ಮರೆತು ಬಂದರು. ದಿನಾ ಲೋಟ ಕೇಳಿದರು, ದಿನಾ ಇವಳು ಈಗ ಅಂದಳು, ಆಮೇಲೆ ಅಂದಳು, ಸೊಪ್ಪು ಬಂದಿಲ್ಲ ಅಂದಳು. ಹಿಂದೆ ಬೇಡ ಅನ್ನುತ್ತಿದ್ದವಳಿಗೆ ಕೊಡುತ್ತೇನೆ ಅಂತ ಗೋಗರೆದ ಹೆಂಗಸು, ಈಗ ಕೊಡು ಅನ್ನುವವಳಿಗೆ ಇಲ್ಲ ಅನ್ನುತ್ತಿದ್ದಳು. ಅವರ ಅಂಗಿ ಸಡಿಲವಾಯಿತು. ದನಿ ಸರಸರ ಅನ್ನತೊಡಗಿತು. ಅವರು ಕೂತ ಕಡೆಯ ಕಂತೆಗಳು ಬಾಡತೊಡಗಿದವು. ಸೊಪ್ಪಕ್ಕ ನೋಡಿಯೂ ನೋಡದ ಹಾಗಿದ್ದಳು. ಇನ್ನೊಂದು ದಿನ, ಇನ್ನೊಂದೇ ದಿನ.

ಒಂದು ಬೆಳಿಗ್ಗೆ ಕ್ಯಾಶಿಯರ್ ಜೊತೆ ಅವರ ಹೆಂಡತಿ ಬಂದಳು. ಗಂಡನ ಮೊಣಕೈ ಹಿಡಿದಿದ್ದಳು, ಗಾಳಿಗೆ ಹೋಗದ ಹಾಗೆ. ಕಣ್ಣು ಅತ್ತು ಊದಿದ್ದವು.

"ಮನೇಲಿ ನೀರೂ ಮುಟ್ತಿಲ್ಲಮ್ಮ" ಅಂದಳು. "ಅಕ್ಕನ ಕೈಯಲ್ಲಿ ಮಾತ್ರ ಕುಡೀತೀನಿ ಅಂತಾರೆ. ಯಾವ ಅಕ್ಕ ಅಂದ್ರೆ ಇಲ್ಲಿಗೆ ಕರ್ಕೊಂಡು ಬಂದ್ರು. ಏನಾದ್ರೂ ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಮಲಗಿದ್ರೆ ಹಾಸಿಗೆ ಮೇಲೆ ಹಸಿರು ಧೂಳು ಬಿದ್ದಿರುತ್ತೆ."

ಸೊಪ್ಪಕ್ಕ ಆ ಹೆಂಗಸನ್ನು ನೋಡಿದಳು. ಗಾಜಿನ ಆಚೆ ನಿಂತು ಬಾಗಿಲು ತೆಗೀರಿ ಅಂತ ಕೂಗಿದವಳು ತಾನೇ ಅಲ್ಲವೇ. ಈಗ ಬಾಗಿಲಿಗೆ ಅಡ್ಡ ನಿಂತವಳೂ ತಾನೇ. ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

ಪಾಲಕ್ ತೊಳೆದಳು, ಪುದೀನ ಬಿಡಿಸಿದಳು. ಮಿಕ್ಸಿ ನಿಂತ ಮೇಲೆ ಲೋಟ ಹಿಡಿದು ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಚೋಟು, ನನ್ನ ಮೇಲೆ ಸಿಟ್ಟಾ?"

ಕ್ಯಾಶಿಯರ್ ಅವಳ ಮುಖವನ್ನೇ ನೋಡಿದರು. "ಸಿಟ್ಟಿದ್ರೆ ಇಷ್ಟು ದಿನ ಬರ್ತಿದ್ನಾ? ಬಾಯಾರಿಕೆ ಕಣೇ ಅಕ್ಕಾ. ಕೊಡು, ನಾನೇ ಕುಡೀತೀನಿ."

ಎರಡೂ ಕೈ ಚಾಚಿ ಲೋಟ ತೆಗೆದುಕೊಂಡರು. ಅವಳು ಬಿಡಬೇಕಾಯಿತು, ಬಿಟ್ಟಳು. ಅವರು ಮೆಲ್ಲಗೆ ಕುಡಿದರು, ಒಂದೊಂದೇ ಗುಟುಕು, ರುಚಿ ನೋಡುವವರ ಹಾಗೆ. ನಡುವೆ ಒಮ್ಮೆ ಲೋಟದ ಮೇಲಿಂದ ಅವಳನ್ನು ನೋಡಿ ಕಣ್ಣಲ್ಲೇ ನಕ್ಕರು. ಸೊಪ್ಪಕ್ಕ ರೆಪ್ಪೆ ಮಿಟುಕಿಸಲಿಲ್ಲ. ಲೋಟ ಖಾಲಿಯಾಯಿತು. ಬೋಳು ತಲೆಯ ಮೇಲೆ ಬೆವರ ಹನಿ ಮೂಡಿತು, ಹೆಂಡತಿ ಅದನ್ನು ಬೆರಳಿಂದ ಮುಟ್ಟಿ ನೋಡಿ ಜೋರಾಗಿ ಅತ್ತುಬಿಟ್ಟಳು.

ಕ್ಯಾಶಿಯರ್ ಗಾಬರಿಯಾಗಿ ಬೆಂಚಿನಿಂದ ಕಾಲು ಇಳಿಸಿದರು, ಅಂಗಿ ಸರಿಮಾಡಿಕೊಂಡರು, ನೆಲದ ಮೇಲೆ ಕೂತಿದ್ದ ಹೆಂಗಸಿಗೆ ಲೋಟ ವಾಪಸ್ಸು ಕೊಟ್ಟರು.

"ಚೆನ್ನಾಗಿದೆ ಮೇಡಂ" ಅಂದರು, ಸಂಕೋಚದಿಂದ. "ನಾನು ಇದನ್ನ ಇದೇ ಮೊದಲು ಕುಡಿದದ್ದು. ಏನೇನು ಹಾಕ್ತೀರಿ?"